ಊರೆಲ್ಲ ಇದೆ, ಹುಟ್ಟಿದ ಕಾಡಲ್ಲಿ ಕಮ್ಮಿ

ಚಿಕ್ಕಮಗಳೂರಿನ ನರ್ಸರಿಗಳಲ್ಲಿ 'ಕ್ರಿಸ್ಮಸ್ ಟ್ರೀ' ಕೇಳಿದರೆ ಕೊಡುವುದು ಅರೌಕೇರಿಯಾ ಗಿಡ. ಹಳೇ ತೋಟದ ಬಂಗಲೆಗಳ ಮುಂದೆ ಅಂತಸ್ತು ಅಂತಸ್ತಾಗಿ ಕೊಂಬೆ ಚಾಚಿ ನಿಂತಿರುವುದೂ ಇದೇ ಜಾತಿ. ಇದರಲ್ಲಿ ನಾರ್ಫೋಕ್ ಪೈನ್ ಅನ್ನುವುದು ಅಪಾಯದಲ್ಲಿದೆ ಅಂದರೆ, 'ಎಲ್ಲಿ ನೋಡಿದರೂ ಇದೆಯಲ್ಲ ಮಾರಾಯ್ರೇ' ಅನ್ನುತ್ತಾರೆ. ಈ ಮಾತು ನನಗೆ ನಿಜಕ್ಕೂ ಬೇಸರ ತರಿಸುತ್ತದೆ.

ಆ ಮರ ತಾನಾಗಿ ಹುಟ್ಟಿ ಬೆಳೆದದ್ದು ಆಸ್ಟ್ರೇಲಿಯಾಕ್ಕೂ ನ್ಯೂಜಿಲೆಂಡಿಗೂ ನಡುವಿನ ನಾರ್ಫೋಕ್ ದ್ವೀಪದಲ್ಲಿ. ದ್ವೀಪ ಇರುವುದೇ ಸುಮಾರು 35 ಚದರ ಕಿಲೋಮೀಟರ್. (ನಮ್ಮಲ್ಲಿ ಅದೇ ಹೆಸರಲ್ಲಿ ಮಾರುವ ಎಷ್ಟೋ ಗಿಡ ಅದರ ನೆಂಟ ಕುಕ್ ಪೈನ್. ಅದರ ಊರು ನ್ಯೂ ಕ್ಯಾಲೆಡೋನಿಯಾ.) 1774ರಲ್ಲಿ ನಾರ್ಫೋಕ್ ದ್ವೀಪದಲ್ಲಿ ಇಳಿದ ಕ್ಯಾಪ್ಟನ್ ಕುಕ್ ನೆಟ್ಟಗಿನ ಮರ ನೋಡಿ, ಹಡಗಿನ ಹಾಯಿಕಂಬಕ್ಕೆ ಆಗುತ್ತದೆ ಅಂದುಕೊಂಡ. 1788ರಲ್ಲಿ ಬ್ರಿಟಿಷರು ಬಂದು ನೆಲೆಸಿದರು. ಹಾಯಿಕಂಬಕ್ಕೆ ಮರ ಒಗ್ಗಲಿಲ್ಲ. ಆದರೂ ಹೊಲಕ್ಕೆ, ದನಕ್ಕೆ ಅಂತ ಕಾಡು ಬೋಳಾಯಿತು. ಇವತ್ತು ದ್ವೀಪದ ಬಾವುಟದ ಮೇಲೆ ಆ ಮರವಿದೆ. ಹಳೇ ಕಾಡು ಮಾತ್ರ ಮೌಂಟ್ ಪಿಟ್ ಬೆಟ್ಟದ ಸುತ್ತಲಿನ ತುಂಡಾಗಿ ಉಳಿದಿದೆ. ಅಲ್ಲೂ ಹೊರಗಿನಿಂದ ಬಂದ ಚೆರ್ರಿ ಸೀಬೆ ನುಗ್ಗಿದೆ.

ಕಾಫಿ ಬೆಳೆಯುವ ನಮಗೆ ಇದು ಚೆನ್ನಾಗಿ ಅರ್ಥ ಆಗಬೇಕು. ನಮ್ಮ ಗಿರಿ ತುಂಬ ಅರೇಬಿಕಾ ಜಾತಿಯ ಕಾಫಿ ಇದೆ. ಆದರೆ ಅದರ ತವರು ಇಥಿಯೋಪಿಯಾದ ಬೆಟ್ಟದ ಕಾಡುಗಳು ಕರಗುತ್ತಿವೆ. ಕಾಡು ಅರೇಬಿಕಾ ಈಗ ಅಳಿವಿನಂಚಿನ ಪಟ್ಟಿಯಲ್ಲಿದೆ. ನಾವು ನೆಟ್ಟದ್ದೆಲ್ಲ ಕೆಲವೇ ಗಿಡಗಳ ಸಂತಾನ. ರೋಗ ತಡೆಯುವ ಗುಣ ಬೇಕಾದಾಗ ಹುಡುಕಿಕೊಂಡು ಹೋಗಬೇಕಾದದ್ದು ಕಾಡಿಗೇ, ಇಲ್ಲವೇ ಬೇರೆ ಜಾತಿಗೆ. ನಮ್ಮ ಎಸ್ 795 ತಳಿಗೆ ಎಲೆತುಕ್ಕು ರೋಗ ತಡೆಯುವ ಶಕ್ತಿ ಬಂದದ್ದು ಲಿಬೆರಿಕಾ ಅನ್ನುವ ಇನ್ನೊಂದು ಕಾಫಿ ಜಾತಿಯ ಬೆರಕೆಯಿಂದ, ಅಲ್ವಾ? ಆ ಮೂಲಗಳೇ ಹೋದರೆ ಮುಂದೆ ಬರುವ ರೋಗಕ್ಕೆ ಏನು ಮಾಡೋಣ?

ಹಾಗಾಗಿ 'ಕಾಡು ಹೋದರೇನು, ಒಂದಕ್ಕೆ ಹತ್ತು ಸಸಿ ನೆಡುತ್ತೇವೆ' ಅನ್ನುವ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಸಸಿ ನೆಡಲಿ, ಬೇಡ ಅನ್ನುವುದಿಲ್ಲ. ಆದರೆ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಕಣಿವೆಗಳ ದಟ್ಟ ಕಾಡು, ಅಂದರೆ ಶೋಲಾ, ಬರೀ ಮರ ಅಲ್ಲ. ಅದರ ಮೇಲಿನ ಹುಲ್ಲುಗುಡ್ಡ, ಮಂಜು, ಬೀಜ ಹರಡುವ ಹಕ್ಕಿ, ಬುಡದಲ್ಲಿ ಹುಟ್ಟುವ ಹಳ್ಳ ಎಲ್ಲ ಸೇರಿ ಆದದ್ದು. ಅದನ್ನು ಯಾವ ನರ್ಸರಿಯೂ ಕೊಡಲಾರದು.

ಶೋಲಾಕ್ಕೆ ತಾಗಿ ತೋಟ ಇರುವ ಗೆಳೆಯರಲ್ಲಿ ಒಂದು ಬೇಡಿಕೆ. ಬೇಲಿ ಪಕ್ಕದ ಕಾಡನ್ನು ಸವರಬೇಡಿ. ಅಲ್ಲಿ ತಾನಾಗಿ ಹುಟ್ಟಿದ ಸಸಿಗಳನ್ನು ಕಳೆ ಹೊಡೆಯುವಾಗ ಬಿಟ್ಟುಬಿಡಿ.