ಪಿಚ್ ಗುತ್ತಿಗೆ ಕಲಬುರಗಿಯವರಿಗೇ ಕೊಡ್ರಿ

2025ರ ನವೆಂಬರ್‌ನಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್ ಟೆಸ್ಟ್‌ನಲ್ಲಿ ಗೆಲ್ಲಲು ಭಾರತಕ್ಕೆ ಬೇಕಿದ್ದದ್ದು 124 ರನ್. ಆಗಿದ್ದು 93. ಮೂರನೇ ದಿನಕ್ಕೇ ದಕ್ಷಿಣ ಆಫ್ರಿಕಾ 30 ರನ್ನಿನಿಂದ ಗೆದ್ದು ಗಂಟುಮೂಟೆ ಕಟ್ಟಿತು. ಇಡೀ ಪಂದ್ಯದಲ್ಲಿ ಐವತ್ತು ಮುಟ್ಟಿದವನು ಅವರ ನಾಯಕ ಬವುಮಾ ಒಬ್ಬನೇ. ನಾವು ಕೇಳಿದ್ದೇ ಇಂಥ ಪಿಚ್ ಎಂದು ಆಮೇಲೆ ಕೋಚ್ ಗೌತಮ್ ಗಂಭೀರ್ ಹೇಳಿದರು. ಕೇಳಿ ಮಾಡಿಸಿಕೊಂಡ ಅಂಗಿ, ಹಾಕಿಕೊಂಡರೆ ಕುತ್ತಿಗೆಯೇ ತೂರಲಿಲ್ಲ.

ಇಂಥ ದಿನ ಕಲಬುರಗಿಯ ಚಹಾದಂಗಡಿಯಲ್ಲಿ ಕೂತವರೆಲ್ಲ ಪಿಚ್ ಮಾಡುವ ಕ್ಯುರೇಟರ್‌ಗಳು. ವಿಕೆಟ್ ಬಿದ್ದಾಗ ಎಲ್ಲಿದ್ದರೋ ಅಲ್ಲಿಂದ ಕದಲುವಂತಿಲ್ಲ. ಮೊಬೈಲ್‌ನಲ್ಲಿ ನೋಡುವವನ ಬೌಲರ್ ಇನ್ನೂ ಓಡಿ ಬರುತ್ತಿರುವಾಗಲೇ ಬಾಜೂ ಅಂಗಡಿಯ ಟಿವಿ ಮುಂದಿನವರು ಕೂಗಿ ಮುಗಿಸಿರುತ್ತಾರೆ. ಹನ್ನೊಂದೂವರೆಗೆ ಲಂಚ್ ಆಗುತ್ತಲೇ ಪಿಚ್ ಮೇಲೆ ಸೂಟು ತೊಟ್ಟ ಮಾಜಿ ಆಟಗಾರನೊಬ್ಬ ಬಗ್ಗಿ, ಬಿರುಕಿನೊಳಗೆ ಕೀಲಿಕೈ ತೂರಿಸುತ್ತಾನೆ.

“ನೋಡ್ರಿ ಕಾಕಾ, ಕೀಲಿ ಅರ್ಧ ಒಳಗ ಹೋತು!”

“ಅದೇನ್ ಬಿರುಕಪಾ? ತೊಗರಿ ಕೊಯ್ದ ಮ್ಯಾಲ ನಮ್ಮ ಎರಿ ಹೊಲಕ್ಕ ಬಾ. ಕುಡುಗೋಲು ಹಿಡಿಕಿ ಸಮೇತ ಹೋಗ್ತದ.”

ಕಾಕಾನ ಮಾತಿನಲ್ಲಿ ದೇಶ ಉಳಿಸುವ ಯೋಜನೆಯೊಂದಿದೆ. ಸ್ಪಿನ್ನರ್‌ನ ಚೆಂಡು ಬಿದ್ದು ತಿರುಗುವಂಥ ಪಿಚ್ ಮಾಡುವುದು ಸುಲಭದ ಕೆಲಸವಲ್ಲ. 22 ಗಜ ಉದ್ದ, 10 ಅಡಿ ಅಗಲದ ಆ ಜೇಡಿಗೆ ಮೊದಲು ನೀರುಣಿಸಿ, ದಿನಗಟ್ಟಲೆ ರೋಲರ್ ಹೊಡೆದು ಗಟ್ಟಿ ಮಾಡಬೇಕು. ಹುಲ್ಲಿನ ಬೇರು ಅದನ್ನು ಹಿಡಿದಿಡುತ್ತದೆ. ಆಮೇಲೆ ಪಂದ್ಯ ಹತ್ತಿರ ಬಂದಂತೆ ನೀರು ನಿಲ್ಲಿಸಿ, ಹುಲ್ಲು ಬೋಳಿಸಿ, ಮಾಡಿದ್ದನ್ನೆಲ್ಲ ಕೆಡಿಸಬೇಕು. ಕೆಂಪು ಮಣ್ಣಾದರೆ ಮೇಲ್ಪದರ ಪುಡಿಯಾಗಿ, ಚೆಂಡು ಬಿದ್ದಲ್ಲೆಲ್ಲ ಧೂಳು. ತಿರುವೂ ಪುಟಿತವೂ ಜಾಸ್ತಿ. ಕಪ್ಪು ಮಣ್ಣು ಹಾಗೆ ಪುಡಿಯಾಗುವುದಿಲ್ಲ, ಹೆಂಟೆ ಹೆಂಟೆಯಾಗಿ ಬಿರಿಯುತ್ತದೆ. ಚೆಂಡು ಹೆಂಟೆಯ ನಡುವೆ ಬಿದ್ದರೆ ತಣ್ಣಗೆ ಬರುತ್ತದೆ, ಅಂಚಿಗೆ ಬಿದ್ದರೆ ಒಂದು ಪಾದದಡಿ ನುಸುಳುತ್ತದೆ, ಇನ್ನೊಂದು ಗಲ್ಲ ಕೇಳುತ್ತದೆ. ಇಷ್ಟು ನಾಜೂಕಿನ ಕೆಡುಕಿಗೆ ಕ್ರಿಕೆಟ್ ಮಂಡಳಿ ಸಂಬಳ ಕೊಟ್ಟು ಜನ ಇಟ್ಟಿದೆ. ನಮ್ಮಲ್ಲಿ ಇದೇ ಕೆಲಸ ರಸ್ತೆ ಹಾಕುವಾಗ ತಾನಾಗಿಯೇ ಆಗುತ್ತದೆ.

ಎರಿ ಅಂದರೆ ನಮ್ಮ ಕಪ್ಪು ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಅದರ ಮೇಲೆ ರಸ್ತೆ ಹಾಕುವಾಗ ಎರಿ ತೆಗೆದು ಮುರುಮು ತುಂಬಬೇಕು, ಇಲ್ಲವೇ ಸುಣ್ಣ ಬೆರೆಸಬೇಕು. ಪದರ ಪದರಕ್ಕೂ ನೀರು ಹಾಕಿ ರೋಲರ್ ಹೊಡೆಯಬೇಕು. ನಡುವೆ ಉಬ್ಬು, ಎರಡೂ ಬದಿಗೆ ಇಳಿಜಾರು, ಆಚೆ ಚರಂಡಿ ಇರಬೇಕು. ಗುತ್ತಿಗೆದಾರರಿಗೆ ಇದೆಲ್ಲ ಗೊತ್ತಿಲ್ಲವೆನ್ನುವುದು ಅನ್ಯಾಯ. ಗೊತ್ತಿರುವುದರಿಂದಲೇ ಯಾವುದನ್ನು ಬಿಡಬೇಕೆಂಬುದೂ ಅವರಿಗೆ ಗೊತ್ತು.

ಇನ್ನು ‘ರಫ್’ ಎಂಬ ವಿಷಯ. ಬಲಗೈ ವೇಗಿ ಓವರ್ ದ ವಿಕೆಟ್, ಅಂದರೆ ಸ್ಟಂಪಿನ ಎಡಬದಿಯಿಂದ ಬಂದು ಕಾಲೂರಿ ಕೆತ್ತಿದ ಜಾಗ, ಅದೇ ತುದಿಯಲ್ಲಿ ಬ್ಯಾಟ್ ಹಿಡಿದು ನಿಂತ ಎಡಗೈಯವನಿಗೆ ಆಫ್ ಸ್ಟಂಪ್ ಹೊರಗೆ ಬರುತ್ತದೆ. ಆಫ್ ಸ್ಪಿನ್ನರ್ ಎದುರಿನಿಂದ ಅಲ್ಲಿಗೇ ಗುರಿಯಿಟ್ಟು ಹಾಕುತ್ತಾನೆ. ಅದಕ್ಕೆ ನಾಲ್ಕು ದಿನ ಬೂಟು ಸವೆಸಬೇಕು. ನಮ್ಮಲ್ಲಿ ಪೈಪ್‌ಲೈನಿಗೆ ಅಗೆದ ತಗ್ಗು ಮುಚ್ಚುವ ಹುಡುಗ ಅರ್ಧ ತಾಸಿನಲ್ಲಿ ಮಾಡಿಕೊಡುತ್ತಾನೆ. ಪದರ ಹಾಕಿ ಕುಟ್ಟುವುದೆಲ್ಲ ಕಾಗದದ ಮೇಲೆ. ಜೆಸಿಬಿಯಿಂದ ಒಮ್ಮೆಲೇ ಮಣ್ಣು ಸುರಿದು, ಮೇಲೆ ಎರಡು ಸಲ ಗಾಲಿ ಹಾಯಿಸಿದರೆ ಮುಗಿಯಿತು. ಮೊದಲ ಮಳೆಗೆ ಒಂದು ಗೇಣು ಕೂರುತ್ತದೆ. ಬಲಗೈ, ಎಡಗೈ ಎಂಬ ಭೇದವೂ ಇಲ್ಲ.

ಕ್ರಿಕೆಟ್ಟಿನವರು ಅತಿ ಮಡಿವಂತರು. ಬೌಲರ್ ಪಿಚ್ ನಡುವಿನ ಎರಡು ಅಡಿ ಪಟ್ಟಿಯ ಮೇಲೆ ಓಡಿದರೆ ಎಚ್ಚರಿಕೆ, ಮತ್ತೂ ಕೇಳದಿದ್ದರೆ ಆ ಇನಿಂಗ್ಸ್‌ನಲ್ಲಿ ಅವನ ಕೈಗೆ ಚೆಂಡಿಲ್ಲ. ಒಬ್ಬ ಮನುಷ್ಯ, ಒಂದು ಜೊತೆ ಬೂಟು, ಇಷ್ಟಕ್ಕೇ ಈ ರಾದ್ಧಾಂತ! ಶಹಾಬಾದ್ ಕಲ್ಲು ಹೇರಿಕೊಂಡು ಬುಸುಗುಡುತ್ತ ಬರುವ ಲಾರಿಯನ್ನು ಅಂಪೈರ್ ಒಮ್ಮೆ ನೋಡಬೇಕು.

ರೋಲರಿನದೂ ಹಾಗೇ. ದಿನದಾಟಕ್ಕೆ ಮುಂಚೆ ಬ್ಯಾಟಿಂಗ್ ತಂಡದ ನಾಯಕ ಕೇಳಿದರೆ ಹೆಚ್ಚೆಂದರೆ ಏಳು ನಿಮಿಷ. ಭಾರದ ರೋಲರ್ ಕೇಳಿದರೆ ಹೆಂಟೆ ಕೂತು ಮೊದಲ ಅರ್ಧ ತಾಸು ಬಚಾವಾಗಬಹುದು, ಅಥವಾ ಇದ್ದ ಬಿರುಕೂ ಬಾಯಿಬಿಡಬಹುದು. ನಾಲ್ಕನೇ ಇನಿಂಗ್ಸ್‌ನಲ್ಲಿ ನಾಯಕನ ತಲೆ ತಿನ್ನುವುದು ಇದೇ. ನಮ್ಮಲ್ಲಿ ಈ ಗೊಂದಲವಿಲ್ಲ. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವಕ್ಕೆ ಮುಖ್ಯಮಂತ್ರಿ ಧ್ವಜ ಹಾರಿಸಲು ಬರುತ್ತಾರೆಂದರೆ ರೋಲರ್ ಬರುತ್ತದೆ. ಅವರ ಕಾರು ಹಾಯುವ ರಸ್ತೆಗಷ್ಟೇ ಬರುತ್ತದೆ. ಏಳು ನಿಮಿಷ ಮೀರಿದ ದೂರು ಯಾರೂ ಕೊಟ್ಟಿಲ್ಲ.

ಇನ್ನೊಂದು ನಿಯಮ ಓದಿದರೆ ಇಲ್ಲಿಯವರಿಗೆ ನಗು ಬರುತ್ತದೆ. ಬೌಲರ್ ಕಾಲೂರಿ ತೋಡಿದ ಗುಂಡಿಗೆ ಬೇಗ ಗಟ್ಟಿಯಾಗುವ ವಸ್ತು ತುಂಬಬಹುದಂತೆ. ವಾಡಿ, ಸೇಡಂ, ಮಳಖೇಡದ ಸಿಮೆಂಟು ಊರೂರಿಗೆ ಹೋಗುತ್ತದೆ. ಆ ಚೀಲ ಹೊತ್ತ ಲಾರಿ ಹೋಗುವ ದಾರಿಯ ಗುಂಡಿಗೆ ನಾವು ತುಂಬುವುದು ಮಾತ್ರ ಒಡೆದ ಇಟ್ಟಂಗಿ.

ಪಿಚ್ ಕೆಟ್ಟರೆ ಐಸಿಸಿ ಕಪ್ಪು ಅಂಕ ಹಾಕುತ್ತದಲ್ಲ ಎಂದು ಕೆಲವರು ಹೆದರಬಹುದು. ಈಗ ಅತೃಪ್ತಿಕರವೆಂದರೆ ಒಂದು ಅಂಕ, ಆಡಲು ಅಯೋಗ್ಯವೆಂದರೆ ಮೂರು. ಆರಾದರೆ 12 ತಿಂಗಳು ಆ ಮೈದಾನದಲ್ಲಿ ಅಂತರರಾಷ್ಟ್ರೀಯ ಪಂದ್ಯವಿಲ್ಲ. ಹೆದರಬೇಕಾಗಿಲ್ಲ. 2023ರಲ್ಲಿ ಇಂದೋರಿಗೆ ಆಗಿನ ಲೆಕ್ಕದಲ್ಲಿ ಮೂರು ಅಂಕ ಬಿದ್ದಿತ್ತು, ಅಪೀಲು ಹಾಕಿದ ಮೇಲೆ ಒಂದಕ್ಕಿಳಿಯಿತು. ಇಂಥ ಅಪೀಲು ಬರೆಯಲು ನಮ್ಮ ಕಚೇರಿಗಳಲ್ಲಿ ನುರಿತ ಗುಮಾಸ್ತರಿದ್ದಾರೆ. ಇದೇ ಲೆಕ್ಕ ನಮ್ಮ ರಸ್ತೆಗೆ ಹಾಕಿದರೆ ಏನಾದೀತೆಂದೂ ಗೊತ್ತು: ಗುತ್ತಿಗೆದಾರ ಆರಾಮಿರುತ್ತಾನೆ, ಓಣಿಯವರು 12 ತಿಂಗಳು ಮನೆಯಿಂದ ಹೊರಬೀಳುವಂತಿಲ್ಲ.

ಬ್ಯಾಟಿಂಗಿಗೂ ಇಲ್ಲಿಂದಲೇ ಜನ ಸಿಗುತ್ತಾರೆ. 1987ರ ಮಾರ್ಚ್‌ನಲ್ಲಿ ಬೆಂಗಳೂರಿನ ಸಿಡಿದೇಳುವ ಪಿಚ್ ಮೇಲೆ 221ರ ಬೆನ್ನು ಹತ್ತಿದ ಗಾವಸ್ಕರ್ ತಮ್ಮ ಕೊನೆಯ ಟೆಸ್ಟ್‌ನಲ್ಲಿ 96 ಹೊಡೆದರು. ಪಾಕಿಸ್ತಾನ 16 ರನ್ನಿನಿಂದ ಗೆದ್ದರೂ ಇಂದಿಗೂ ಪಾಠ ಹೇಳುವುದು ಆ 96ನ್ನೇ. ಚೆಂಡಿಗೆ ಕೈ ಚಾಚಬಾರದು, ಕಣ್ಣಡಿಗೆ ಬರುವ ತನಕ ಕಾಯಬೇಕು, ಬ್ಯಾಟಿನ ಹಿಡಿತ ಸಡಿಲವಿರಬೇಕು; ಬಿಗಿ ಹಿಡಿದರೆ ಚೆಂಡು ಪಕ್ಕದಲ್ಲೇ ನಿಂತ ಶಾರ್ಟ್ ಲೆಗ್ ಫೀಲ್ಡರ್ ಕೈಗೆ. ಹುಮನಾಬಾದ್ ರಿಂಗ್ ರಸ್ತೆಯಲ್ಲಿ ಆಟೋ ಓಡಿಸುವವನನ್ನು ನೋಡಿ. ಹ್ಯಾಂಡಲ್ ಸಡಿಲ, ಕಣ್ಣು ಗಾಲಿಯ ಮುಂದೆ, ತಗ್ಗು ಕಡೇ ಗಳಿಗೆಗೆ ತಪ್ಪಿಸುತ್ತಾನೆ. ಮುಂಜಾನೆಯಿಂದ ರಾತ್ರಿವರೆಗೂ ನೆಟ್ಸ್.

ಮಣ್ಣಿನ ಕೊರತೆಯೂ ಇಲ್ಲ. ಕಪ್ಪು ಬೇಕಾದರೆ ಇಲ್ಲಿದೆ, ಕೆಂಪು ಬೇಕಾದರೆ ಬೀದರದಿಂದ ತರಿಸಬಹುದು. ಬೀದರ ಕೋಟೆಯ ಮಣ್ಣು ಬಿದರಿ ಕಲೆಯವರಿಗೇ ಇರಲಿ, ಅದನ್ನು ಮಾತ್ರ ಮುಟ್ಟಬೇಡಿ.

ಟೆಂಡರ್ ಕರೆಯುವ ಮುಂಚೆ ಒಂದು ಅಪಾಯ ಹೇಳಿಬಿಡಬೇಕು. ಪಿಚ್ ಸಿದ್ಧವಾಗಿ, ಬಿಳಿ ಗೆರೆ ಹಾಕಿ, ಮೇಲೆ ಹೊದಿಕೆ ಹೊದಿಸಿ ಎಲ್ಲರೂ ಮಲಗಿರುತ್ತಾರೆ. ನೀರಿನ ಪೈಪಿನವರು ಬರುವುದು ಆ ರಾತ್ರಿಯೇ. ಅಗೆಯುವುದು ಗುಡ್ ಲೆಂಗ್ತ್‌ನಲ್ಲಿ, ಬೌಲರ್ ಚೆಂಡು ಬೀಳಿಸಬೇಕೆನ್ನುವ ಜಾಗದಲ್ಲೇ. ಬೆಳಿಗ್ಗೆ ಟಾಸಿಗೆ ಬಂದ ನಾಯಕರಿಬ್ಬರೂ ಕೇಳಿದರೆ ಉತ್ತರವೂ ತಯಾರಿದೆ:

“ಅಗಿಯೋದಷ್ಟೇ ನಮ್ಮದ್ರಿ ಸಾಹೇಬ್ರ. ಮುಚ್ಚೋ ಟೆಂಡರ್ ಬ್ಯಾರೇದವರದು.”