ಸಣ್ಣಕ್ಷರ ಓದುವ ಕಷ್ಟ ಯಾರಿಗೆ ಬೇಕು?

ನಿನ್ನೆ ರಾತ್ರಿ ಕೇಳಿದ ಆನ್‌ಲೈನ್ ಉಪನ್ಯಾಸದ ಸಿಟ್ಟು ಇನ್ನೂ ಇಳಿದಿಲ್ಲ. "ಪಾಪ್ ಕಲೆಯಲ್ಲಿ ಅಕ್ಷರಗಳನ್ನು ಓದಬೇಕಿಲ್ಲ, ನೋಡಿದರೆ ಸಾಕು" ಎಂದರು ಭಾಷಣಕಾರರು. (ಜಾಹೀರಾತು, ಡಬ್ಬಿ, ಪೊಟ್ಟಣಗಳಂಥ ದಿನಬಳಕೆಯ ಸರಕನ್ನೇ ಚಿತ್ರಕ್ಕೆ ತಂದದ್ದು ಪಾಪ್ ಕಲೆ.) ಉದಾಹರಣೆಗೆ ತೋರಿಸಿದ್ದು ಯಾರನ್ನು? ಕೊರಿಟಾ ಕೆಂಟ್ ಅವರನ್ನು! ಅದೂ ದೊಡ್ಡಕ್ಷರವಷ್ಟೇ ಉಳಿಯುವಂತೆ ಕತ್ತರಿಸಿದ ಚಿತ್ರ.

ಕೊರಿಟಾ ಲಾಸ್ ಏಂಜಲೀಸ್‌ನ ಇಮ್ಯಾಕ್ಯುಲೇಟ್ ಹಾರ್ಟ್ ಕಾಲೇಜಿನಲ್ಲಿ ಕಲೆ ಕಲಿಸುತ್ತಿದ್ದ ಕ್ರೈಸ್ತ ಸನ್ಯಾಸಿನಿ. 1962ರಲ್ಲಿ ಅದೇ ಊರಿನಲ್ಲಿ ಪಾಪ್ ಕಲಾವಿದ ಆ್ಯಂಡಿ ವಾರ್ಹೋಲ್ ಅವರ ಸೂಪ್ ಡಬ್ಬಿಗಳ ಚಿತ್ರಗಳನ್ನು ನೋಡಿ ಬಂದ ಮೇಲೆ ದಿನಸಿ ಪೊಟ್ಟಣಗಳತ್ತ ತಿರುಗಿದರು. 1965ರ 'ಎನ್‌ರಿಚ್ಡ್ ಬ್ರೆಡ್' ಎಂಬ ಸ್ಕ್ರೀನ್ ಪ್ರಿಂಟ್‌ನಲ್ಲಿ ವಂಡರ್ ಬ್ರೆಡ್ ಎಂಬ ಅಮೆರಿಕದ ಬ್ರೆಡ್ಡಿನ ಪೊಟ್ಟಣದ ಮಾತುಗಳೇ ಕೂಗುತ್ತವೆ: ಹನ್ನೆರಡು ಬಗೆಯಲ್ಲಿ ದೇಹ ಗಟ್ಟಿಯಾಗುತ್ತದಂತೆ. ಸನ್ಯಾಸಿನಿಯ ಕೈಯಲ್ಲಿ ರೊಟ್ಟಿ ಎಂದರೆ ಚರ್ಚಿನ ಪೂಜೆಯಲ್ಲಿ ಕೊಡುವ ಪರಮಪ್ರಸಾದ, ಕ್ರಿಸ್ತನ ದೇಹ. (ಹನ್ನೆರಡು ಎಂದೊಡನೆ ನನಗೆ ಕ್ರಿಸ್ತನ ಹನ್ನೆರಡು ಶಿಷ್ಯರೂ ನೆನಪಾಗುತ್ತಾರೆ. ಇದು ನನ್ನ ತಲೆಹರಟೆ ಇರಬಹುದು.) ಜೊತೆಗೆ ಸಣ್ಣ ಕೈಬರಹದಲ್ಲಿ ಫ್ರೆಂಚ್ ಲೇಖಕ ಆಲ್ಬರ್ಟ್ ಕಮೂ ಅವರ ಸಾಲುಗಳು: ದೊಡ್ಡ ವಿಚಾರಗಳು ಪಾರಿವಾಳದಂತೆ ಮೆಲ್ಲಗೆ ಬರುತ್ತವೆ, ಸಾಮ್ರಾಜ್ಯಗಳ ಗದ್ದಲದಲ್ಲೂ ಕಿವಿಗೊಟ್ಟರೆ ರೆಕ್ಕೆಯ ಸದ್ದು ಕೇಳೀತು ಎಂಬ ಅರ್ಥದವು. ಗದ್ದಲ ದೊಡ್ಡಕ್ಷರದಲ್ಲಿ, ರೆಕ್ಕೆ ಸಣ್ಣಕ್ಷರದಲ್ಲಿ. ನಮ್ಮ ಭಾಷಣಕಾರರು ಕತ್ತರಿಸಿದ್ದು ರೆಕ್ಕೆಯನ್ನು.

1964ರ ಟೊಮೆಟೊ ಮುದ್ರಣದ್ದೂ ಇದೇ ಕಥೆ. ಮಾತೆ ಮರಿಯಳೇ ಎಲ್ಲಕ್ಕಿಂತ ರಸಭರಿತ ಟೊಮೆಟೊ ಎಂಬ ಮಾತಿರುವುದು ಸಣ್ಣಕ್ಷರದಲ್ಲಿ. ಓದಿದ ಸಂಪ್ರದಾಯಸ್ಥರು ಕೆರಳಿದರು. ಓದದವರಿಗೆ ಅದು ಬರೀ ತರಕಾರಿ.

ಅಕ್ಷರವೂ ಒಂದು ಆಕಾರವಲ್ಲವೇ ಎನ್ನುತ್ತೀರಿ. ಹೌದು ಸ್ವಾಮಿ. ಕೊರಿಟಾ ಜಾಹೀರಾತಿನ ಹಾಳೆಯನ್ನು ಮುದುರಿ, ಫೋಟೊ ತೆಗೆದು, ಹಾಗೆ ಬಾಗಿದ ಅಕ್ಷರವನ್ನೇ ಸ್ಟೆನ್ಸಿಲ್‌ಗೆ ಇಳಿಸುತ್ತಿದ್ದರು; ಕೆಲವನ್ನು ತಲೆಕೆಳಗಾಗಿಯೂ ಇಟ್ಟರು. ಓದುವುದೇ ಬೇಡ ಎನ್ನುವವರು ಅದರ ಪಕ್ಕದಲ್ಲಿ ಕುಳಿತು ಸಾಲು ಸಾಲು ಕೈಬರಹ ಬರೆಯುತ್ತಾರೆಯೇ?

ನನಗೇಕೆ ಇಷ್ಟು ಉರಿ ಎಂದು ನಿಮಗೆ ಗೊತ್ತೇ ಇದೆ. ಅಪ್ಪನ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯಲ್ಲಿ ಬೆಳೆದವನು ನಾನು. ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ. ಒಂದು ಲಗ್ನಪತ್ರಿಕೆಯ 'ಸುಖಾಗಮನ ಬಯಸುವವರು' ಪಟ್ಟಿಯಲ್ಲಿ ವಧುವಿನ ಸೋದರಮಾವನ ಹೆಸರು ಬಿಟ್ಟುಬಿಟ್ಟಿದ್ದೆ. ಗಣಪತಿ ಹೊಳೆಯುತ್ತಿದ್ದ, ಚಿನ್ನದ ಬಣ್ಣ ಎಲ್ಲೂ ಹರಡದೆ ಕೂತಿತ್ತು. ಅದನ್ನು ಯಾರು ನೋಡಿದರು? ಮುನ್ನೂರು ಪತ್ರಿಕೆ ಮತ್ತೆ ಮುದ್ರಿಸಿದೆವು. ಅಪ್ಪ ಎರಡು ದಿನ ಮಾತನಾಡಲಿಲ್ಲ.

ಉಪನ್ಯಾಸದ ಕೊನೆಗೆ ಪ್ರಶ್ನೆ ಕೇಳಲು ಹೋದರೆ ಸಮಯ ಮುಗಿಯಿತು ಎಂದರು. ಮುಂದಿನ ವಾರ ಪಾಪ್ ಕಲಾವಿದ ರಾಬರ್ಟ್ ಇಂಡಿಯಾನಾ ಅವರ 'ಲವ್' ಅಂತೆ, ಆ ಪದವೇ ಚಿತ್ರವಾದ ಕೃತಿ. ಇಂಗ್ಲಿಷಿನಲ್ಲಿ ನಾಲ್ಕೇ ಅಕ್ಷರ. ಅದನ್ನಾದರೂ ಓದುತ್ತಾರೋ ನೋಡೋಣ.