20 ಸಾವಿರದ ಕವರ್ ಇಸ್ಕೊಳೋಕ್ ಮುಂಚೆ ಇದನ್ನೊಮ್ಮೆ ಓದಿ

ಮೊನ್ನೆ ಭಾನುವಾರ ನಮ್ಮೂರ ಹುಡುಗನೊಬ್ಬನಿಗೆ ಕಾರು ಗುದ್ದಿ ಕಾಲು ಮುರೀತು. ಡಿಗ್ರಿ ಓದೋ ಹುಡುಗ, ಬೈಕಲ್ಲಿ ನೆಟ್ಟಗೆ ಹೋಗ್ತಿದ್ದ, ಕಾರಿನವನು ಇಂಡಿಕೇಟರ್ ಕೂಡ ಹಾಕ್ದೆ ಬಲಕ್ಕೆ ತಿರುಗಿಸಿಬಿಟ್ಟ. ಆಸ್ಪತ್ರೆಗೆ ನೋಡೋಕ್ ಹೋದ್ರೆ ಅವರಪ್ಪ ಹೇಳ್ತಾರೆ, "ಕಾರಿನವ್ರು ಒಳ್ಳೆ ಜನ ಕಣಪ್ಪಾ, ಮನೆವರೆಗೂ ಬಂದು 20 ಸಾವಿರ ಕೊಟ್ ಹೋದ್ರು, ಕಂಪ್ಲೇಂಟ್ ಗಿಂಪ್ಲೇಂಟ್ ಯಾಕೆ ಅಂತ ನಾಲ್ಕು ಜನ ಸೇರಿ ಮುಗಿಸಿದ್ವಿ" ಅಂತ. ಹುಡುಗನ ಕಾಲಲ್ಲಿ ರಾಡ್ ಇದೆ, ಇನ್ನೊಂದು ಆಪರೇಷನ್ ಬಾಕಿ ಇದೆ, ಇವ್ರು ಮುಗಿಸಿದ್ರಂತೆ! ಅಲ್ಲೇ ಏನೂ ಹೇಳೋಕಾಗ್ಲಿಲ್ಲ, ಹುಡುಗನ ತಾಯಿ ಅಳ್ತಾ ಕೂತಿದ್ರು. ಆದ್ರೆ ಮನೆಗೆ ಬಂದ್ರೂ ತಲೇಲಿ ಅದೇ ಕೊರೀತಿದೆ, ಯಾಕಂದ್ರೆ ನಾವೂ ಇದೇ ಹಳ್ಳಕ್ಕೆ ಬಿದ್ದು ಹೇಗೋ ಎದ್ದು ಬಂದೋರು.

2022ರ ಸೆಪ್ಟೆಂಬರ್. ಅಮ್ಮನಿಗೆ ಆಗ 52. ಸಾಯಂಕಾಲ ಡೇರಿಗೆ ಹಾಲು ಹಾಕಿ ಖಾಲಿ ಕ್ಯಾನ್ ಹಿಡ್ಕೊಂಡು ರಸ್ತೆ ಅಂಚಲ್ಲೇ ಬರ್ತಿದ್ರು, ಹಿಂದಿಂದ ಕಾರು ಬಂದು ಹೊಡೀತು. ಬಲಗಡೆ ಭುಜದ ಮೂಳೆ ಎರಡು ಕಡೆ ಮುರಿದು ಪ್ಲೇಟು, ಸ್ಕ್ರೂ ಎಲ್ಲಾ ಹಾಕಿದ್ರು, 11 ದಿನ ಆಸ್ಪತ್ರೆ. ಕಾರಿನವನೇ ಕಾರಲ್ಲಿ ಕರ್ಕೊಂಡು ಹೋಗಿ ಸೇರಿಸಿದ, ಅದನ್ನ ಇಲ್ಲ ಅನ್ನಲ್ಲ. ಆದ್ರೆ ದಾರಿಯುದ್ದಕ್ಕೂ ನಮ್ಮ ಚಿಕ್ಕಪ್ಪನ ಕೈ ಹಿಡ್ಕೊಂಡು "ಖರ್ಚೆಲ್ಲಾ ನಂದೇ ಅಣ್ಣಾ, ಕೇಸ್ ಒಂದು ಬೇಡ" ಅಂತ ಗೋಗರೆದಿದಾನೆ. ಚಿಕ್ಕಪ್ಪ ಕರಗಿಹೋದ್ರು. ಕ್ಯಾಶುವಾಲಿಟೀಲಿ ಡಾಕ್ಟ್ರು ಹೇಗಾಯ್ತು ಅಂತ ಕೇಳಿದಾಗ "ಜಾರಿ ಬಿದ್ರು" ಅಂದ್ಬಿಟ್ರು. ಆ ಎರಡು ಪದ ಕೇಸ್ ಶೀಟಲ್ಲಿ ಕೂತ್ಕೊಂಡು ಮುಂದೆ ಮೂರು ವರ್ಷ ನಮ್ಮ ಜೀವ ತಿಂತು.

ಬಿಲ್ಲು ಲಕ್ಷ ದಾಟ್ತಿದ್ದ ಹಾಗೆ ಆ ಪುಣ್ಯಾತ್ಮನ ಫೋನ್ ಸ್ವಿಚ್ ಆಫ್. ಕೊಟ್ಟಿದ್ದು ಒಟ್ಟು 15 ಸಾವಿರ. ನಾಲ್ಕನೇ ದಿನ ಹೋಗಿ ಕಂಪ್ಲೇಂಟ್ ಕೊಟ್ವಿ, ಎಫ್‌ಐಆರ್ ಆಯ್ತು, ಜಾಗದ ಮಹಜರು ಆಯ್ತು, ಮೋಟಾರು ವಾಹನ ಇನ್ಸ್‌ಪೆಕ್ಟ್ರು ಕಾರು ನೋಡಿ ಎಡಗಡೆ ಬಂಪರ್, ಹೆಡ್‌ಲೈಟ್ ಒಡೆದಿರೋದನ್ನ ಬರ್ಕೊಂಡ್ರು, ಡ್ರೈವರ್ ಮೇಲೆ ಚಾರ್ಜ್‌ಶೀಟೂ ಹೋಯ್ತು.

ನಮ್ಮ ಜನಕ್ಕೆ ಅರ್ಥವೇ ಆಗದಿರೋದು ಏನಂದ್ರೆ, ಪರಿಹಾರಕ್ಕೆ ಅಂತ ಕೋರ್ಟಲ್ಲಿ ಕ್ಲೈಮ್ ಹಾಕಿದ್ರೆ ಆ ದುಡ್ಡು ಕಾರಿನವನ ಜೇಬಿಂದ ಹೋಗುತ್ತೆ, ಪಾಪ ಅವನ ಮನೆ ಹಾಳಾಗುತ್ತೆ ಅಂದ್ಕೋತಾರೆ. ಪ್ರತಿ ಗಾಡಿಗೂ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ ಅಂತ ಕಾನೂನು ಮಾಡಿರೋದೇ ಇದಕ್ಕೆ ಅಲ್ವಾ? ಆ ಮೂರನೆಯವರು ಅಂದ್ರೆ ನಾವೇ, ರಸ್ತೇಲಿ ನಡ್ಕೊಂಡು ಹೋಗೋ ನಮ್ಮಮ್ಮನೇ. ವರ್ಷ ವರ್ಷ ಕಟ್ಟೋ ಪ್ರೀಮಿಯಂ ಅಮ್ಮನ ಭುಜಕ್ಕೇ ಕಟ್ಟಿರೋದು. ಕಾರಿನವನ ಲೈಸೆನ್ಸು, ಪಾಲಿಸಿ ಎಲ್ಲಾ ಸರಿ ಇದ್ರೆ ಅವನು ಪರಿಹಾರ ಅಂತ ಒಂದು ರೂಪಾಯಿ ಕೊಡಬೇಕಾಗಿಲ್ಲ, ಕಂಪನಿ ಕೊಡುತ್ತೆ. ಲೈಸೆನ್ಸ್ ಇಲ್ದಿದ್ರೂ ಗಾಯ ಆದೋರಿಗೆ ಕಂಪನಿ ಮೊದಲು ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡ್ಕೊಳ್ಳೋ ದಾರಿ ಇದೆ, ನಮ್ಮ ಕರ್ನಾಟಕ ಹೈಕೋರ್ಟಿನ ಪೂರ್ಣ ಪೀಠ 2020ರಲ್ಲಿ ಯಲ್ಲವ್ವ ಅನ್ನೋರ ಕೇಸಲ್ಲಿ ಇದನ್ನ ಬಿಡಿಸಿ ಬಿಡಿಸಿ ಹೇಳಿದೆ. ಇದ್ಯಾವುದೂ ಗೊತ್ತಿಲ್ದೆ ಸ್ಟೇಷನ್ ಮುಂದಿನ ಟೀ ಅಂಗಡೀಲಿ ರಾಜಿ ಪಂಚಾಯ್ತಿ ಮಾಡ್ತೀವಿ. ಎಫ್‌ಐಆರೇ ಇಲ್ಲ ಅಂದ್ರೆ ನಾಳೆ ಕಂಪನಿ ವಕೀಲ ಈ ಆಕ್ಸಿಡೆಂಟ್ ಆಗೇ ಇಲ್ಲ ಅಂತಾನೆ, ಆಗ ಯಾವ ಪಂಚಾಯ್ತಿಯೋರು ಬರ್ತಾರೆ?

ನಾವು 2023ರ ಜನವರೀಲಿ ನಮ್ಮ ತಾಲೂಕಿನ ಕೋರ್ಟಲ್ಲೇ ಕ್ಲೈಮ್ ಅರ್ಜಿ ಹಾಕಿದ್ವಿ. ಆಕ್ಸಿಡೆಂಟ್ ಎಲ್ಲೇ ಆಗಿರ್ಲಿ, ನಾವು ವಾಸ ಇರೋ ಕಡೆನೇ ಹಾಕಬಹುದು. ಬೇಗ ಹಾಕಿದ್ದು ಒಳ್ಳೇದಾಯ್ತು, ಯಾಕಂದ್ರೆ 1994ರಿಂದ ಇದಕ್ಕೆ ಗಡುವೇ ಇರ್ಲಿಲ್ಲ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡೀಲಿ ಆರು ತಿಂಗಳು ಅಂತ ವಾಪಸ್ ತಂದ್ರು, ಅದು 2022ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಮೂಳೆ ಕೂಡೋಕೇ ಆರು ತಿಂಗಳು ಬೇಕು ಕಣ್ರೀ, ಇದನ್ನ ಬರೆದೋರು ಯಾವತ್ತೂ ಆಸ್ಪತ್ರೇಲಿ ಮಲಗಿಲ್ಲ ಅನ್ಸುತ್ತೆ. ಈಗ ಇದರ ಮೇಲೆ ಸುಪ್ರೀಂ ಕೋರ್ಟಲ್ಲಿ ಕೇಸ್ ನಡೀತಿದೆ, ತಡ ಆಯ್ತು ಅನ್ನೋ ಕಾರಣಕ್ಕೆ ಅರ್ಜಿ ವಜಾ ಮಾಡಬೇಡಿ ಅಂತ 2025ರ ನವೆಂಬರಲ್ಲಿ ಮಧ್ಯಂತರ ಆದೇಶನೂ ಆಗಿದೆ. ಆದ್ರೂ ಅದನ್ನ ನಂಬ್ಕೊಂಡು ಕೂರಬೇಡಿ.

ಪಾಟೀಸವಾಲು ಅನ್ನೋದನ್ನ ಸಿನಿಮಾದಲ್ಲಿ ನೋಡಿದ್ದೆ ಅಷ್ಟೇ. ಕಂಪನಿ ವಕೀಲರು ಜೋರಾಗೇನೂ ಕೂಗಲಿಲ್ಲ, ಬಹಳ ನಯವಾಗಿ, "ಅಮ್ಮಾ, ಈಗ ಮನೇಲಿ ಅಡುಗೆ ಯಾರು ಮಾಡ್ತಾರೆ?" ಅಂದ್ರು. ಅಮ್ಮ, "ನಾನೇ ಮಾಡ್ತೀನಿ ಸ್ವಾಮಿ, ಇನ್ಯಾರಿದಾರೆ". ಅಷ್ಟೇ ಸಾಕಾಯ್ತು. ಅಡುಗೆ ಕೆಲಸ ತಾನೇ ಮಾಡ್ತಿರೋದಾಗಿ ಸಾಕ್ಷಿ ಒಪ್ಪಿದಾರೆ ಅಂತ ಟೈಪ್ ಆಯ್ತು. ಎಡಗೈಲಿ ಮುದ್ದೆ ತಿರುವೋಕೆ ಹೋಗಿ ಎಷ್ಟು ಸಲ ಕೈ ಸುಟ್ಕೊಂಡಿದಾರೆ, ಮೇಲಿನ ಗೂಡಿಂದ ಒಂದು ಡಬ್ಬ ತೆಗೀಬೇಕಂದ್ರೂ ಪಕ್ಕದ ಮನೆ ಹುಡುಗೀನ ಕರೀಬೇಕು, ಅದ್ಯಾವುದನ್ನೂ ಅವ್ರು ಕೇಳಲಿಲ್ಲ, ಅಮ್ಮ ಹೇಳಲೂ ಇಲ್ಲ. ಆಮೇಲೆ ಆ "ಜಾರಿ ಬಿದ್ರು" ಹೊರಗೆ ಬಂತು. ದುಡ್ಡಿನಾಸೆಗೆ ನಾಲ್ಕು ದಿನ ಆದ್ಮೇಲೆ ಕಾರು ಸೇರಿಸಿದೀರಿ ಅಂದ್ರು. ಅಮ್ಮ ನನ್ನ ಮುಖ ನೋಡಿದ್ರು. ಆ ಸಂಜೆ ಚಿಕ್ಕಪ್ಪ ಊಟ ಮಾಡಲಿಲ್ಲ.

ಪುಣ್ಯಕ್ಕೆ ಚಿಕ್ಕಪ್ಪ ಕಟಕಟೆ ಹತ್ತಿ ಇದ್ದಿದ್ದನ್ನ ಇದ್ದ ಹಾಗೆ ಹೇಳಿದ್ರು, ಇನ್ಸ್‌ಪೆಕ್ಟರ್ ರಿಪೋರ್ಟಲ್ಲಿ ಒಡೆದ ಹೆಡ್‌ಲೈಟ್ ಇತ್ತು, ಮನೆಯವರು ಮೊದಲು ಗಾಯ ಆದೋರನ್ನ ನೋಡ್ಕೋತಾರೆ, ಸ್ಟೇಷನ್ನಿಗೆ ಓಡಲ್ಲ, ಎಫ್‌ಐಆರ್ ತಡ ಆಯ್ತು ಅನ್ನೋದೊಂದೇ ಕಾರಣಕ್ಕೆ ಕ್ಲೈಮ್ ತಳ್ಳಬಾರದು ಅಂತ ಸುಪ್ರೀಂ ಕೋರ್ಟು 2011ರಲ್ಲೇ ಹೇಳಿರೋದನ್ನ ನಮ್ಮ ಲಾಯರು ಮುಂದಿಟ್ರು. ಆದ್ರೂ ಹೇಳ್ತೀನಿ, ಆಸ್ಪತ್ರೇಲಿ ಮೊದಲ ಬಾರಿ ಬಾಯಿ ಬಿಡೋವಾಗ ನಿಜ ಹೇಳಿ. ಎಂಎಲ್‌ಸಿ, ಅಂದ್ರೆ ಆಸ್ಪತ್ರೆಯವ್ರು ಪೊಲೀಸರಿಗೆ ತಿಳಿಸೋ ದಾಖಲೆ, ಮಾಡಿಸಿ. ಡಿಸ್ಚಾರ್ಜ್ ಆಗೋ ಹೊತ್ತಿಗೆ ಆ ಹಾಳೇಲಿ ಏನು ಬರೆದಿದಾರೆ ಅಂತ ಕೂತು ಓದಿ, ಗೊತ್ತಾಗ್ದಿದ್ರೆ ಕೇಳಿ.

ಇನ್ನು ಆದಾಯ. ಕಂಪನಿಯವ್ರ ಲೆಕ್ಕದಲ್ಲಿ ಅಮ್ಮ ಗೃಹಿಣಿ, ಅಂದ್ರೆ ಸೊನ್ನೆ. ಮನೆಗೆಲಸಕ್ಕೂ ಬೆಲೆ ಕಟ್ಟಲೇಬೇಕು ಅಂತ ಸುಪ್ರೀಂ ಕೋರ್ಟು 2021ರಲ್ಲಿ ಕೀರ್ತಿ ಅನ್ನೋರ ಕೇಸಲ್ಲಿ ಹೇಳಿದೆ, ಅದು ಬೇರೆ. ನಮ್ಮ ಕೈ ಹಿಡಿದಿದ್ದು ಡೇರಿ ಪಾಸ್‌ಬುಕ್ಕು. ದಿನಕ್ಕೆ 16 ಲೀಟರ್ ಹಾಕ್ತಿದ್ದೋರು ಆಕ್ಸಿಡೆಂಟ್ ಆದ್ಮೇಲೆ 5 ಲೀಟರಿಗೆ ಇಳಿದಿದ್ರು, ಯಾಕಂದ್ರೆ ಬಲಗೈ ಎತ್ತೋಕೇ ಆಗ್ದೆ ಒಂದು ಹಸು ಮಾರಿದ್ವಿ. ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಬ್ಯಾಂಕ್ ಖಾತೆಗೆ ಬರೋದೂ ಅದೇ ಲೆಕ್ಕದಲ್ಲಿ ಇಳಿದಿತ್ತು. ಕೋರ್ಟು ಹಾಲು, ಮನೆಗೆಲಸ ಎರಡೂ ಸೇರಿಸಿ ತಿಂಗಳಿಗೆ 14 ಸಾವಿರ ಅಂತ ಹಿಡೀತು.

ಡಾಕ್ಟ್ರು ಬಲಗೈಗೆ ಶೇಕಡಾ 36 ಊನ ಅಂದ್ರು. ಕೋರ್ಟುಗಳಲ್ಲಿ ಸಾಮಾನ್ಯವಾಗಿ ಅದರಲ್ಲಿ ಮೂರನೇ ಒಂದು ಭಾಗ ಇಡೀ ದೇಹಕ್ಕೆ ಅಂತ ತಗೋತಾರೆ, ಅಂದ್ರೆ 12. ಅಮ್ಮನ ವಯಸ್ಸಿಗೆ ಗುಣಕ, ಅಂದ್ರೆ ವರ್ಷದ ಆದಾಯವನ್ನ ಎಷ್ಟರಿಂದ ಗುಣಿಸಬೇಕು ಅನ್ನೋ ಸಂಖ್ಯೆ, 11, ಇದು 2009ರ ಸರಳಾ ವರ್ಮ ತೀರ್ಪಿನ ಪಟ್ಟಿ. 14 ಸಾವಿರವನ್ನ 12 ತಿಂಗಳಿಗೆ, ಆಮೇಲೆ 11ಕ್ಕೆ ಗುಣಿಸಿ ಅದರ ಶೇಕಡಾ 12 ಅಂದ್ರೆ 2,21,760. ಇಲ್ಲಿ ನನಗೆ ಈಗ್ಲೂ ಸಿಟ್ಟಿದೆ. 2010ರ ರಾಜ್‌ಕುಮಾರ್ ವರ್ಸಸ್ ಅಜಯ್ ಕುಮಾರ್ ತೀರ್ಪಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಡಾಕ್ಟರ್ ಹೇಳಿದ ಪರ್ಸೆಂಟೇಜ್ ಬೇರೆ, ಅದರಿಂದ ಆ ಮನುಷ್ಯನ ದುಡಿಮೆ ಎಷ್ಟು ಹೋಯ್ತು ಅನ್ನೋದು ಬೇರೆ, ಎರಡನೇದನ್ನ ನೋಡಿ ಅಂತ. ಆಫೀಸಲ್ಲಿ ಕೂರೋ ನನಗೆ ಬಲಗೈ ಅರ್ಧ ಎತ್ತೋಕಾಗ್ದಿದ್ರೂ ಸಂಬಳ ಬರುತ್ತೆ. ಹಾಲು ಕರೆದು ಹುಲ್ಲಿನ ಹೊರೆ ಹೊರೋಳಿಗೆ ಅದು ಶೇಕಡಾ 12 ಹೇಗಾಗುತ್ತೆ? ನಮ್ಮ ಕಡೆಯಿಂದ ಇದನ್ನ ಇನ್ನೂ ಗಟ್ಟಿಯಾಗಿ ಸಾಕ್ಷೀಲಿ ತರಬೇಕಿತ್ತು, ತರಲಿಲ್ಲ. ಡಾಕ್ಟರನ್ನ ಸಾಕ್ಷಿಗೆ ಕರ್ಕೊಂಡು ಬರೋದ್ರಲ್ಲೇ ಸುಸ್ತಾಗಿದ್ವಿ.

ಆಸ್ಪತ್ರೆ ಬಿಲ್ಲು, ನೋವಿಗೆ, ಮೂರು ತಿಂಗಳ ದುಡಿಮೆಗೆ, ಓಡಾಟಕ್ಕೆ ಎಲ್ಲಾ ಸೇರಿ 5,04,760 ಆಯ್ತು, ಅರ್ಜಿ ಹಾಕಿದ ದಿನದಿಂದ ಶೇಕಡಾ 6 ಬಡ್ಡಿ. 2025ರ ಆಗಸ್ಟಲ್ಲಿ ಆದೇಶ. ಒಂದು ಭಾಗ ಎಫ್‌ಡಿ ಇಡಬೇಕು ಅಂತಾನೂ ಹೇಳಿದ್ರು. ಲಾಯರಿಗೆ ಬಂದಿದ್ದರಲ್ಲಿ ಇಷ್ಟು ಪರ್ಸೆಂಟ್ ಅಂತ ಮಾತಾಗಿತ್ತು, ಹಾಗೆ ಪಾಲು ಮಾತಾಡೋದು ಬಾರ್ ಕೌನ್ಸಿಲ್ ನಿಯಮಕ್ಕೇ ವಿರುದ್ಧ ಅಂತ ಆಮೇಲೆ ಗೊತ್ತಾಯ್ತು. ಅವ್ರು ಚೆನ್ನಾಗಿ ಕೆಲಸ ಮಾಡಿದ್ರು ಅಂತ ಸುಮ್ಮನಾದೆ. ನೀವು ಫೀಸು ಇಷ್ಟು ಅಂತ ಮೊದಲೇ ಮಾತಾಡ್ಕೊಳಿ. ಆಸ್ಪತ್ರೆ ವಾರ್ಡಲ್ಲೇ ಬಂದು ಖಾಲಿ ಪೇಪರಿಗೆ ಸೈನ್ ಕೇಳೋ ದಲ್ಲಾಳಿಗಳನ್ನಂತೂ ಹತ್ರ ಸೇರಿಸಬೇಡಿ.

ಭವಿಷ್ಯದ ಆದಾಯಕ್ಕೆ ಅಂತ ಇನ್ನೂ ಶೇಕಡಾ 10 ಸೇರಿಸಬೇಕಿತ್ತು, 90 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು ಅಂದ್ರು ಲಾಯರು. ಅದೊಂದನ್ನೇ ಲೆಕ್ಕ ಹಾಕಿದ್ರೆ 22 ಸಾವಿರ, ತಕರಾರಿನ ಮೊತ್ತ ಒಂದು ಲಕ್ಷಕ್ಕಿಂತ ಕಮ್ಮಿ ಇದ್ರೆ ಅಪೀಲೇ ಇಲ್ಲ, ಹಾಗಾಗಿ ಊನದ ಲೆಕ್ಕವನ್ನೂ ಸೇರಿಸಿ ಹಾಕಬೇಕಿತ್ತು. ಅಮ್ಮ ಕೈ ಮುಗಿದ್ರು, "ಇನ್ನೊಂದ್ಸಲ ಆ ಪ್ರಶ್ನೆ ಕೇಳಿಸ್ಕೊಳೋ ಶಕ್ತಿ ಇಲ್ಲಪ್ಪಾ, ಬಿಡು" ಅಂತ. ಹೈಕೋರ್ಟಲ್ಲಿ ಯಾರೂ ನಿನ್ನ ಕರೆದು ಕೇಳಲ್ಲ ಅಂದೆ, ನಂಬಲಿಲ್ಲ.

ಊರಲ್ಲಿ ಕೆಲವ್ರು "ಆಕ್ಸಿಡೆಂಟಲ್ಲಿ ಒಳ್ಳೆ ದುಡ್ಡು ಮಾಡ್ಕೊಂಡ್ರು" ಅಂತ ಆಡ್ಕೋತಾರೆ. ಸುಳ್ಳು ಕ್ಲೈಮ್ ಹಾಕೋರೂ ಇದಾರೆ, ಅವ್ರಿಂದಾನೇ ಅಮ್ಮನಂಥೋರು ಕಟಕಟೇಲಿ ಕಳ್ಳರ ಥರ ನಿಲ್ಲಬೇಕಾಗಿದ್ದು. ಹಾಗೆ ಆಡ್ಕೊಳೋರು ಒಂದ್ಸಲ ಮನೆಗೆ ಬನ್ನಿ, ಅಮ್ಮ ಸೆರಗು ಸರಿ ಮಾಡ್ಕೊಳೋದನ್ನ ನೋಡಿ ಹೋಗಿ.

ಆ ಹುಡುಗನ ಡಿಸ್ಚಾರ್ಜ್ ನಾಳಿದ್ದು. ಇವತ್ತು ಸಾಯಂಕಾಲ ಅವರಪ್ಪನ ಹತ್ರ ಹೋಗ್ತಿದೀನಿ, ಜೊತೆಗೆ ಚಿಕ್ಕಪ್ಪನೂ ಬರ್ತೀನಿ ಅಂದಿದಾರೆ, "ಜಾರಿ ಬಿದ್ರು ಅಂದಿದ್ದನ್ನ ನಾನೇ ಹೇಳ್ತೀನಿ ನಡಿ" ಅಂತ.